ಒಪ್ಪತ್ತಿನ ದಿನದ ಉಪ್ಪಿಟ್ಟು

“ಮುದ್ದೆ, ಅನ್ನ, ಚಪಾತಿ ಮೂರೂ ಬಿಟ್ಟು ಮೂರು ತಿಂಗಳು? ಅದೂ ಅರ್ಧ ಸಂಬಳದಲ್ಲಿ? ಆಗೋ ಮಾತಲ್ಲಮ್ಮ” ಎಂದವರು ನಮ್ಮ ನರ್ಸಿಂಗ್ ಹೋಮಿನ ಹಿರಿಯ ವೈದ್ಯರು.

ಅದು 2008. ಮೈಸೂರಿನ ಆ ನರ್ಸಿಂಗ್ ಹೋಮಿನಲ್ಲಿ ನಾನು ಡಯಟಿಶಿಯನ್, ಅಂದರೆ ರೋಗಿಗಳಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವವಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ‘ಆಗೋ ಮಾತಲ್ಲ’ ಎಂಬುದನ್ನು ಕೇಳಿ ಕೇಳಿ ಬೆಳೆದಿದ್ದೆ.

ರೋಗಿಯ ಹೆಸರು ಸಿದ್ದರಾಜು. ವಯಸ್ಸು ನಲವತ್ತೆರಡು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಆಪರೇಟರ್. ಒಮ್ಮೆ ಕ್ಯಾಬಿನ್ನಿನಲ್ಲೇ ತಲೆ ಸುತ್ತಿ ಬಂತು. ಖಾಲಿ ಹೊಟ್ಟೆಯ ಸಕ್ಕರೆ 236. ಮೂರು ತಿಂಗಳೊಳಗೆ ಫಿಟ್‌ನೆಸ್ ಸರ್ಟಿಫಿಕೇಟ್ ತಾರದಿದ್ದರೆ ಕ್ರೇನ್ ಬೇರೆಯವರ ಪಾಲು ಎಂದಿತು ಕಾರ್ಖಾನೆ. ಅಲ್ಲಿಯವರೆಗೆ ಸ್ಟೋರಿನಲ್ಲಿ ಕೂತು ಅರ್ಧ ಸಂಬಳ.

ಕಾರ್ಖಾನೆಯ ಇಂಜಿನಿಯರ್ ಒಬ್ಬರು ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದುಕೊಟ್ಟಿದ್ದ ‘ಪೇಲಿಯೋ ಡಯಟ್’ ಹಾಳೆಯನ್ನು ಸಿದ್ದರಾಜು ನನ್ನ ಮೇಜಿನ ಮೇಲಿಟ್ಟರು. ಬೇಸಾಯ ಹುಟ್ಟುವ ಮೊದಲು ಮನುಷ್ಯ ತಿನ್ನುತ್ತಿದ್ದ ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ ಇಷ್ಟೇ. ಧಾನ್ಯ, ಬೇಳೆ, ಹಾಲು, ಸಕ್ಕರೆ ಬಂದ್. ಪಟ್ಟಿಯಲ್ಲಿ ಸಾಲ್ಮನ್ ಮೀನು, ಬಾದಾಮಿ, ಆಲಿವ್ ಎಣ್ಣೆ.

“ಮೇಡಂ, ಇದ್ರಲ್ಲಿರೋದು ನಮ್ ಬೀದಿ ಅಂಗ್ಡೀಲಿ ಒಂದೂ ಸಿಕ್ಕಲ್ಲ. ಆದ್ರೆ ನಂಗೆ ನನ್ ಕ್ರೇನ್ ಬೇಕು.”

ಬಡವರ ಸಂತೆ ನನಗೆ ಗೊತ್ತಿತ್ತು. ಸಾಲ್ಮನ್ ಹೊಡೆದುಹಾಕಿ ಕೆಆರ್‌ಎಸ್ ಕಡೆಯಿಂದ ಬರುವ ಸಣ್ಣ ಮೀನು ಬರೆದೆ. ಕೋಳಿಯ ಎದೆ ಮಾಂಸದ ಬದಲು ಲಿವರ್, ಕುರಿಯ ಬೋಟಿ. ಆಲಿವ್ ಬದಲು ತೆಂಗಿನಕಾಯಿ. ತರಕಾರಿಯನ್ನು ಕತ್ತಲಾಗುವ ಹೊತ್ತಿಗೆ, ಉಳಿದದ್ದನ್ನು ಗುಡ್ಡೆ ಲೆಕ್ಕದಲ್ಲಿ ಮಾರುವಾಗ ಕೊಳ್ಳಬೇಕು. ವೈದ್ಯರು ಮಾತ್ರೆ ಮುಂದುವರಿಸಿ, ವಾರವಾರ ರಕ್ತ ಪರೀಕ್ಷೆ ಆಗಲೇಬೇಕೆಂದು ಷರತ್ತು ಹಾಕಿ ಒಪ್ಪಿದರು.

ತಿಂಗಳು ಕಳೆಯಿತು. ಸಕ್ಕರೆ 205ಕ್ಕೆ ಬಂದು ನಿಂತಿತು. ತಿಂದದ್ದನ್ನೆಲ್ಲ ಅವರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಸೋಮವಾರ, ಗುರುವಾರ, ಶನಿವಾರ ರಾತ್ರಿಯ ಜಾಗದಲ್ಲಿ ‘ಒಪ್ಪತ್ತು’ ಎಂದಿರುತ್ತಿತ್ತು. ಒಂದೇ ಹೊತ್ತು ಊಟ, ಒಳ್ಳೆಯದೇ ಎಂದು ನಾನೂ ಟಿಕ್ ಹಾಕುತ್ತಿದ್ದೆ.

ಸಕ್ಕರೆ ಯಾಕೆ ಇನ್ನೂ ಇಳಿಯುತ್ತಿಲ್ಲ ಎಂದು ತಿಳಿಯದೆ ಕೊನೆಗೊಂದು ಶನಿವಾರ ಸಂಜೆ ಅವರ ಮನೆಗೇ ಹೋದೆ. ಸಿದ್ದರಾಜು ಅವರ ಮುಂದೆ ತಟ್ಟೆ ತುಂಬ ಉಪ್ಪಿಟ್ಟು, ಪಕ್ಕದಲ್ಲಿ ಒಂದು ಲೋಟ ಸಬ್ಬಕ್ಕಿ ಪಾಯಸ.

“ಇದೇನ್ರೀ ಸಿದ್ದರಾಜು?”

ಅವರ ತಾಯಿ ಚಿಕ್ಕತಾಯಮ್ಮ ಅಡುಗೆಮನೆಯಿಂದಲೇ ಹೇಳಿದರು: “ಇದು ಊಟ ಅಲ್ಲ ಕಣವ್ವ, ಫಲಾರ. ಮಗನ ಕೆಲ್ಸ ಉಳೀಲಿ ಅಂತ ಹರಕೆ ಹೊತ್ತಿವ್ನಿ. ವಾರಕ್ಕೆ ಮೂರ್ ದಿನ ಅವ್ನು ಒಪ್ಪತ್ತು.”

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನಮ್ಮಮ್ಮನೂ ಶನಿವಾರ ಅವಲಕ್ಕಿ ತಿಂದು ‘ಏನೂ ತಿಂದಿಲ್ಲ’ ಎನ್ನುತ್ತಿದ್ದವಳೇ. ಕಾಲೇಜಿನ ಪುಸ್ತಕದಲ್ಲಿ ಅದಿರಲಿಲ್ಲ. ನಮ್ಮ ಮನೆಯಲ್ಲಿತ್ತು, ನಾನು ಮರೆತಿದ್ದೆ. ರವೆ, ಸಬ್ಬಕ್ಕಿ, ಬೆಲ್ಲ ಇವು ರಕ್ತದ ಸಕ್ಕರೆಯನ್ನು ಹೇಗೆ ಏರಿಸುತ್ತವೆಂದು ಕೂತು ವಿವರಿಸಿದೆ.

ಚಿಕ್ಕತಾಯಮ್ಮ ಅಡುಗೆಮನೆಯಿಂದ ಹೊರಗೆ ಬಂದರು. ಮಗನ ಮುಂದಿನ ತಟ್ಟೆ ಎತ್ತಿಕೊಂಡರು. “ಹರಕೆ ಹೊತ್ತೋಳು ನಾನು. ಒಪ್ಪತ್ತೂ ನಾನೇ ಮಾಡ್ತೀನಿ ಬುಡು. ನೀನು ಸೊಪ್ಪಿನ ಪಲ್ಯ ತಿನ್ನು.”

“ಉಪ್ಪಿಟ್ ತಿನ್ನಕ್ಕೆ ಒಳ್ಳೆ ಉಪಾಯ ಕಣವ್ವ ನಿಂದು” ಎಂದರು ಸಿದ್ದರಾಜು. ಮೂವರೂ ನಕ್ಕೆವು.

ಮುಂದಿನ ವಾರದಿಂದಲೇ ಸಕ್ಕರೆ ಇಳಿಯತೊಡಗಿತು. ಮೂರನೇ ತಿಂಗಳ ಕೊನೆಗೆ 116. ತೂಕ ಒಂಬತ್ತು ಕಿಲೋ ಕಡಿಮೆ. ಅಂದಿನಿಂದ ಇಂದಿನವರೆಗೂ ‘ಏನು ತಿನ್ನುತ್ತೀರಿ’ ಎಂದು ಕೇಳಿ ನಾನು ಸುಮ್ಮನಾಗುವುದಿಲ್ಲ. ಉಪವಾಸದ ದಿನ ಏನು ತಿನ್ನುತ್ತೀರಿ ಎಂದೂ ಕೇಳುತ್ತೇನೆ. ವೃತ್ತಿ ಕಲಿಸಿದ ದೊಡ್ಡ ಪಾಠ ಅದು.

ವೈದ್ಯರು ಸಹಿ ಮಾಡಿ ಸೀಲು ಒತ್ತಿದ ಸರ್ಟಿಫಿಕೇಟನ್ನು ನಾನೇ ಸಿದ್ದರಾಜು ಅವರ ಕೈಗೆ ಕೊಟ್ಟೆ. ಜೊತೆಗೆ ಬಂದಿದ್ದ ಚಿಕ್ಕತಾಯಮ್ಮ ಅದನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿದರು.

“ಇದ್ರಲ್ಲಿ ನಿಮ್ ಹೆಸ್ರು ಎಲ್ಲವ್ವ?”

“ನಮ್ಮ ಹೆಸರು ಇರೋದಿಲ್ಲ ಅಮ್ಮ. ಡಾಕ್ಟರದು ಮಾತ್ರ.”

“ಓ, ಇಲ್ದಿದ್ರೆ ಇರ್ಲಿ ಬುಡಿ. ಕೇಳ್ದೋರ್ಗೆಲ್ಲ ನಾನೇ ಹೇಳ್ತೀನಿ.”