ರಫ್ ವರ್ಕ್ ಅಳಿಸಿದ ಅಜ್ಜಿ

ಹೋದ ತಿಂಗಳು ನಾನು ನನ್ನ ಮೊಮ್ಮಗಳ ಹನ್ನೊಂದು ಮಾರ್ಕ್ಸ್ ಅಳಿಸಿಹಾಕಿದೆ. ಬಾಲ್ಕನಿಯ ಚಳಿಗಾಲದ ಬಿಸಿಲಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ರಬ್ಬರ್ ಹಿಡಿದು, ಬಹಳ ನೀಟಾಗಿ.

ಬೇಕೆಂತಲೇ ಮಾಡಿದ್ದಾ? ನನ್ನ ಮಗಳೂ ಇದನ್ನೇ ಕೇಳಿದಳು. ಸ್ವಲ್ಪ ತಾಳಿ, ಹೇಳುತ್ತೇನೆ.

ಮಯೂರ್ ವಿಹಾರಿನ ನಮ್ಮ ಫ್ಲ್ಯಾಟಿನಲ್ಲಿ ನಾವು ಮೂರೇ ಜನ. ಆಫೀಸಿನಿಂದ ರಾತ್ರಿ ಎಂಟಕ್ಕೆ ಮುಂಚೆ ಮನೆ ಮುಟ್ಟದ ನನ್ನ ಮಗಳು ಸುಜಾತಾ, ಅವಳ ಹದಿನೈದು ವರ್ಷದ ಮಗಳು ಚೈತ್ರ, ಮತ್ತು ನಾನು. ಚೈತ್ರ ನೋಯ್ಡಾದ ಒಂದು ಶಾಲೆಯಲ್ಲಿ ಹತ್ತನೇ ಕ್ಲಾಸು. ವಿದೇಶದ ಬೋರ್ಡು. ಅಲ್ಲಿ ಅವಳಿಗೆ ಡಿಸೈನ್ ಅಂಡ್ ಟೆಕ್ನಾಲಜಿ ಅಂತ ಒಂದು ಸಬ್ಜೆಕ್ಟು.

ಓ, ಕ್ರಾಫ್ಟ್ ಪೀರಿಯಡ್ಡಾ ಅಂದೆ ಮೊದಲ ದಿನ. ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು.

ಕ್ರಾಫ್ಟ್ ಅಲ್ಲವಂತೆ. ಮೊದಲು ಒಬ್ಬ ಮನುಷ್ಯನ ಒಂದು ತೊಂದರೆಯನ್ನು ಹುಡುಕಬೇಕು. ಆ ಮನುಷ್ಯನ ಹೆಸರು ಯೂಸರ್. ಅವನ ತೊಂದರೆಗೆ ಹತ್ತಾರು ಉಪಾಯ ಚಿತ್ರ ಬರೆದು ನೋಡಬೇಕು. ಒಂದನ್ನು ಆರಿಸಿ ವರ್ಕ್‌ಶಾಪಿನಲ್ಲಿ ಕೈಯಾರೆ ಮಾಡಬೇಕು. ಯೂಸರ್ ಅದನ್ನು ಬಳಸಿ ಅಭಿಪ್ರಾಯ ಬರೆಯಬೇಕು. ಇಷ್ಟೂ ಒಂದು ದೊಡ್ಡ ಫೋಲ್ಡರಿನಲ್ಲಿ ದಾಖಲಾಗಬೇಕು. ಅದಕ್ಕೆ ಮಾರ್ಕ್ಸ್. ಇದರ ಮೇಲೆ ಬರವಣಿಗೆಯ ಪರೀಕ್ಷೆ ಬೇರೆ.

ಇದನ್ನೆಲ್ಲ ಕಲಿಸುವವಳು ಸಬೀಹಾ ಮೇಡಂ. ಹುಬ್ಬಳ್ಳಿಯವಳು. ವಯಸ್ಸು ಮೂವತ್ತು ಇರಬಹುದು. (ಟೀಚರಿಗೆ ಬಹುವಚನ ಕೊಡಬೇಕು, ಗೊತ್ತು. ಮನಸ್ಸು ಬರುತ್ತಿಲ್ಲ.)

ಯಾಕೆ ಅಂತೀರಾ? ಹದಿನೈದು ವರ್ಷ ಈ ಹುಡುಗಿಯ ಬಾಯಲ್ಲಿ ಕನ್ನಡ ಬರಿಸಲು ನಾನು ಏನೇನು ಮಾಡಲಿಲ್ಲ? ಹಾಡು ಹೇಳಿದೆ, ಕಥೆ ಹೇಳಿದೆ, ಚಾಕಲೇಟಿನ ಆಸೆ ತೋರಿಸಿದೆ. ಊಟಕ್ಕೆ ಬಾರೇ ಅಂದರೆ ‘ಆತೀ ಹೂಂ ಅಜ್ಜಿ’ ಎಂದು ಹಿಂದಿಯಲ್ಲೇ ಉತ್ತರ. ಅಷ್ಟೇ. ಹೀಗಿರುವಾಗ ಒಂದು ಸಂಜೆ ಶೂ ಬಿಚ್ಚುತ್ತಾ, “ಅಜ್ಜಿ, ಇವತ್ತು ನಾನು ಗರಗಸ ಯೂಸ್ ಮಾಡಿದೆ” ಅಂದಳು.

ಗರಗಸವಂತೆ. ಮರುವಾರ ಉಳಿ ಬಂತು. ಅದರ ಮರುವಾರ ಒಂದು ಇಡೀ ವಾಕ್ಯವೇ ಬಂತು, ಅದೂ ಹುಬ್ಬಳ್ಳಿಯ ರಾಗದಲ್ಲಿ. ಮೇಡಂಗೆ ಕನ್ನಡ ಬರುತ್ತದೆ, ಅದಕ್ಕೇ ಕಲಿಯುತ್ತಿದ್ದೇನೆ ಎಂದು ವಿವರಣೆ ಬೇರೆ. ಹಾಗಾದರೆ ನನಗೇನು ಫ್ರೆಂಚ್ ಬರುತ್ತಿತ್ತಾ?

ಪರೀಕ್ಷೆ ಹತ್ತಿರ ಬಂದಾಗ ನನಗೂ ಒಂದು ಕೆಲಸ ಸಿಕ್ಕಿತು. ರಿವಿಷನ್ ಕಾರ್ಡ್ ಹಿಡಿದು ಪ್ರಶ್ನೆ ಕೇಳುವುದು. ದಿನಾ ಸಂಜೆ ಐದರಿಂದ ಆರು. ಮೆತ್ತನೆಯ ಮರ ಯಾವುದು, ಗಟ್ಟಿ ಮರ ಯಾವುದು, ಯಾವ ಜಾಯಿಂಟ್ ಎಲ್ಲಿಗೆ. ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು. ಕಾನ್ವೆಂಟಿನ ತಲೆ, ಎಪ್ಪತ್ತೊಂದರಲ್ಲೂ ಬೈಹಾರ್ಟ್ ಮಾಡುತ್ತದೆ. ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್ ಎಂದರೆ ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಮತ್ತೆ ಮೆತ್ತಗಾಗದ್ದು. (ನನ್ನ ಮಗಳ ಪ್ರಕಾರ ನಾನು.)

ಆ ಒಂದು ಗಂಟೆ ನನ್ನದು ಅಂದುಕೊಂಡಿದ್ದೆ. ಆದರೆ ಪ್ರತಿ ಉತ್ತರದ ಬಾಲದಲ್ಲೂ ‘ಮೇಡಂ ಹೇಳಿದ್ದು’ ಎಂದು ಜೋತುಬೀಳುತ್ತಿತ್ತು.

ಆ ಗುರುವಾರ ಚೈತ್ರ ಫೋಲ್ಡರನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋದಳು. ಸೋಮವಾರ ಒಪ್ಪಿಸಬೇಕಿತ್ತು. ಪ್ರಾಜೆಕ್ಟು ಏನೆಂದು ನನಗೆ ಗೊತ್ತಿತ್ತು: ಬೀಗದ ಕೀಗೆ ತೊಡಿಸುವ ಒಂದು ಮರದ ಹಿಡಿ. ಬೆರಳಿನ ಬದಲು ಇಡೀ ಅಂಗೈಯಿಂದ ಕೀ ತಿರುಗಿಸಬಹುದು. ಮಾಡಿ ತಂದು, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಅಜ್ಜಿ, ಬಳಸಿ ನೋಡಿ ಬರೆದುಕೊಡು ಅಂದಿದ್ದಳು. ಚೆನ್ನಾಗಿದೆ ಕಣೇ, ಯಾರಾದರೂ ಮುದುಕಿಗೆ ಉಪಯೋಗ ಆಗುತ್ತೆ ಅಂದು ಎರಡು ವಾರ ತಳ್ಳಿದ್ದೆ.

ಫೋಲ್ಡರ್ ತೆರೆದೆ. ಎಷ್ಟು ಕೊಳಕು! ಸೊಟ್ಟ ಗೆರೆಗಳು, ಅರ್ಧಕ್ಕೆ ಬಿಟ್ಟ ಚಿತ್ರಗಳು. ಒಂದು ಕಾಲಿನಿಂದ ತುಳಿಯುವ ಯಂತ್ರ, ಇನ್ನೊಂದು ಬಾವಿಯ ರಾಟೆಯಂಥದ್ದು. ಎಲ್ಲದರ ಮೇಲೂ ಅಡ್ಡ ಗೀಟು. ಪಕ್ಕದಲ್ಲಿ ಸಬೀಹಾಳ ಹಸಿರು ಇಂಕು: ಇದು ಯಾಕೆ ಆಗಲಿಲ್ಲ?

ನಮ್ಮ ಕಾನ್ವೆಂಟಿನಲ್ಲಿ ಮಾರ್ಜಿನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂತೆಂದರೆ ಮಧ್ಯಾಹ್ನದ ಊಟ ಇಳಿಯುತ್ತಿರಲಿಲ್ಲ. ರಫ್ ವರ್ಕ್ ಏನಿದ್ದರೂ ತೆಳುವಾಗಿ ಪೆನ್ಸಿಲ್ಲಿನಲ್ಲಿ. ಒಪ್ಪಿಸುವ ಮುಂಚೆ ಅಳಿಸಿರಬೇಕು. ಕಸೂತಿಯಲ್ಲಿ ಒಂದು ಹೊಲಿಗೆ ತಪ್ಪಿದರೂ ಬಿಚ್ಚಬೇಕು, ಬಿಚ್ಚಿದ ಗುರುತೂ ಕಾಣಬಾರದು. ‘ಓನ್ಲಿ ದ ಫೇರ್ ಕಾಪಿ, ಗರ್ಲ್ಸ್’ ಎನ್ನುತ್ತಿದ್ದರು ಸಿಸ್ಟರ್. ಐವತ್ತೈದು ವರ್ಷದ ಮೇಲೂ ನನ್ನ ಕೈ ತಾನಾಗಿ ರಬ್ಬರ್ ಹುಡುಕಿತು.

ಪಾಪ, ಮಗುವಿಗೆ ಟೈಮ್ ಇಲ್ಲ, ನಾನೇ ನೀಟ್ ಮಾಡಿಕೊಡೋಣ. ಹಾಗಂದುಕೊಂಡೆ. ದೇವರಾಣೆ, ಮೊದಲ ಐದು ಪುಟಗಳ ತನಕ ಹಾಗೇ ಅಂದುಕೊಂಡಿದ್ದೆ.

ಆರನೇ ಪುಟದಲ್ಲಿ ನಾನಿದ್ದೆ, ಇಂಗ್ಲಿಷಿನಲ್ಲಿ.

“ಯೂಸರ್ ನನ್ನ ಅಜ್ಜಿ. ಬಲಗೈ ಹೆಬ್ಬೆರಳಿನಲ್ಲಿ ಶಕ್ತಿ ಇಲ್ಲ. ಹೊರಗಿನ ಕಬ್ಬಿಣದ ಜಾಲಿ ಬಾಗಿಲಿನ ಕೀ ತಿರುಗಿಸಲು ಆಗುವುದಿಲ್ಲ. ಅದನ್ನು ಯಾರಿಗೂ ಹೇಳುವುದಿಲ್ಲ. ತರಕಾರಿ ಮಾರುವ ಸಬ್ಜಿ ಭಯ್ಯಾ ಬಂದಾಗ ಬೀಗ ಜಾಮ್ ಆಗಿದೆ ಎಂದು ಜಾಲಿಯ ಸಂದಿಯಿಂದ ಕೀ ಕೊಟ್ಟು ಅವನಿಂದ ತೆಗೆಸುತ್ತಾರೆ. ಬೀಗ ಜಾಮ್ ಆಗಿಲ್ಲ. ನಾನು ಎರಡು ಸಲ ಎಣ್ಣೆ ಬಿಟ್ಟು ನೋಡಿದ್ದೇನೆ.”

ಪಕ್ಕದಲ್ಲಿ ಹಸಿರು ಇಂಕು: ಎಕ್ಸಲೆಂಟ್ ಅಬ್ಸರ್ವೇಷನ್.

ಹೆತ್ತ ಮಗಳಿಗೆ ಹೇಳಿರಲಿಲ್ಲ ನಾನಿದನ್ನು. ಹುಬ್ಬಳ್ಳಿಯ ಆ ಹುಡುಗಿಗೆ ನನ್ನ ಹೆಬ್ಬೆರಳಿನ ಗುಟ್ಟು ತಿಂಗಳುಗಳಿಂದ ಗೊತ್ತಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ನನ್ನ ಬಗ್ಗೆ ಮಾತಾಡಿದ್ದಾರೆ. ಅದಕ್ಕೆ ಮೆಚ್ಚುಗೆಯೂ ಬಿದ್ದಿದೆ.

ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಐದು ಪುಟ ಅಭ್ಯಾಸಬಲದಿಂದ. ಆರನೆಯದು ಬೇಕೆಂತಲೇ.

ಪೆನ್ಸಿಲ್ಲೆಲ್ಲ ಹೋಯಿತು. ಹಸಿರು ಇಂಕು ಹೋಗಲಿಲ್ಲ. ಖಾಲಿ ಹಾಳೆಯ ಪಕ್ಕ ‘ಎಕ್ಸಲೆಂಟ್’ ಒಂಟಿಯಾಗಿ ನಿಂತಿತ್ತು.

ಸಂಜೆ ಚೈತ್ರ ಫೋಲ್ಡರ್ ತೆರೆದಳು. ಕೂಗಾಡಲಿಲ್ಲ. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಿರುಗಿ, “ಅಜ್ಜಿ, ನನ್ನ ಮಿಸ್ಟೇಕ್ಸ್ ಎಲ್ಲ ಎಲ್ಲಿ ಹೋಯ್ತು?” ಅಂದಳು. ಕನ್ನಡದಲ್ಲೇ ಕೇಳಿದಳು. ಹಿಂದಿಯಲ್ಲಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗಲೇ ನನಗೆ ಗೊತ್ತಾದದ್ದು, ಆ ತಪ್ಪುಗಳಿಗೇ ಮಾರ್ಕ್ಸ್ ಎಂದು. ಯಾವ ಉಪಾಯ ಯಾಕೆ ಸೋತಿತು, ಅದರಿಂದ ಮುಂದಿನದು ಹೇಗೆ ಹುಟ್ಟಿತು ಎಂದು ತೋರಿಸಬೇಕಂತೆ. ಊಟ ಬಿಟ್ಟು ಮತ್ತೆ ಬರೆಯಲು ಕೂತಳು. ಆಗಲಿಲ್ಲ. ಎಲ್ಲ ಗೆರೆಯೂ ನೆಟ್ಟಗೆ ಬರುತ್ತಿತ್ತು. “ಸರಿಯಾದ್ದು ಗೊತ್ತಾದ ಮೇಲೆ ತಪ್ಪು ಬರ್ತಾನೇ ಇಲ್ಲ ಅಜ್ಜಿ” ಎಂದು ಪೆನ್ಸಿಲ್ ಕೆಳಗಿಟ್ಟಳು. ಸುಜಾತಾ ನನ್ನ ಹತ್ತಿರ ಎರಡು ದಿನ ಮಾತೇ ಆಡಲಿಲ್ಲ.

ಮರುದಿನ, ಶುಕ್ರವಾರ, ನಾನೇ ಶಾಲೆಗೆ ಹೊರಟೆ. ತಪ್ಪೊಪ್ಪಿಗೆ ನಮಗೇನು ಹೊಸದೇ? ಕಾನ್ವೆಂಟಿನವರಲ್ಲವೇ. ಮನೆಯಲ್ಲಿ ಯಾರೂ ಇರಲಿಲ್ಲ. ಜಾಲಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬೇಕು. ಭಯ್ಯಾ ಬರುವುದು ಹನ್ನೊಂದಕ್ಕೆ. ಎದುರು ಮನೆಗೆ ಬೀಗ. ಎರಡು ನಿಮಿಷ ನಿಂತೆ. ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಮೊಳೆಯಲ್ಲಿದ್ದ ಮರದ ಹಿಡಿ ತೆಗೆದು ಕೀಗೆ ತೊಡಿಸಿ ತಿರುಗಿಸಿದೆ.

ಕಟಕ್. ಅಷ್ಟೇ.

ಅಂಗೈಯೊಳಗೆ ಹೇಗೆ ಕೂತಿತ್ತು ಗೊತ್ತಾ? ನನ್ನ ಕೈಗೇ ಅಚ್ಚು ಹಾಕಿದ ಹಾಗೆ. ದೀಪಾವಳಿಯ ಹೊತ್ತಿಗೆ ಅವಳು ಜೇಡಿಮಣ್ಣಿನ ಮುದ್ದೆ ಕೊಟ್ಟು ಒತ್ತು ಅಜ್ಜಿ ಅಂದದ್ದು ನೆನಪಾಯಿತು. ಆಟ ಅಂದುಕೊಂಡಿದ್ದೆ.

ಶಾಲೆಯ ವರ್ಕ್‌ಶಾಪಿನ ಬಾಗಿಲಲ್ಲಿ ಕಾಯುತ್ತಾ ನಿಂತಾಗ ಇನ್ನೊಂದು ಸಂಕಟ. ಒಳಗೆ ಆರೇಳು ಹುಡುಗಿಯರು, ಕಣ್ಣಿಗೆ ಗಾಗಲ್ಸು, ಮೂಗಿನ ಮೇಲೆ ಮರದ ಪುಡಿ. ಒಬ್ಬಳು ಡ್ರಿಲ್ಲಿಂಗ್ ಮೆಷಿನ್ನಿನ ಹಿಡಿ ಇಳಿಸುತ್ತಿದ್ದಳು, ಆರಾಮಾಗಿ, ನಲ್ಲಿ ತಿರುಗಿಸಿದ ಹಾಗೆ. ಅವಳ ವಯಸ್ಸಿನಲ್ಲಿ ಹೊಲಿಗೆ ಮೆಷಿನ್ನಿನ ಒಳಗೆ ಏನಿದೆ, ಬಿಚ್ಚಿ ನೋಡಲೇ ಎಂದು ನಾನು ಕೇಳಿದ್ದೆ. ಅದು ಮೆಕ್ಯಾನಿಕ್ ಕೆಲಸ ಮಗೂ ಅಂದರು ಸಿಸ್ಟರ್, ಬಹಳ ಪ್ರೀತಿಯಿಂದ. ಪ್ರೀತಿಯಿಂದ ಅಂದದ್ದಕ್ಕೇ ನಾನು ಮತ್ತೆಂದೂ ಕೇಳಲಿಲ್ಲ.

ನಿಜ ಹೇಳಲಾ? ನನ್ನ ಹೊಟ್ಟೆಕಿಚ್ಚು ಸಬೀಹಾಳ ಮೇಲೆ ಅಷ್ಟೇ ಅಲ್ಲ, ಚೈತ್ರಳ ಮೇಲೂ. ಹದಿನೈದರಲ್ಲಿ ತಪ್ಪು ಮಾಡಿ, ಅದಕ್ಕೆ ಅಡ್ಡ ಗೀಟು ಎಳೆದು, ಹಾಗೇ ಉಳಿಸಿಕೊಳ್ಳಬಹುದು ಅವಳು. ನಾವು? ಮದುವೆಯ ಆಲ್ಬಂ, ಮಕ್ಕಳ ಬಯೋಡೇಟಾ, ನೆಂಟರ ಮುಂದಿನ ನಗು, ಎಲ್ಲ ಫೇರ್ ಕಾಪಿ. ರಫ್ ವರ್ಕ್ ಎಲ್ಲಿ ಅಂತ ಕೇಳಿದರೆ ನಮಗೇ ಗೊತ್ತಿಲ್ಲ.

ಸಬೀಹಾ ಬಂದಳು. ಎಲ್ಲ ಹೇಳಿದೆ, ಆರನೇ ಪುಟದ ಸತ್ಯವನ್ನೂ. ಮಾರ್ಕ್ಸ್ ಚೈತ್ರಳದ್ದಲ್ಲ, ನನ್ನದು ಕಳೆಯಿರಿ ಅಂದೆ. ಸಬೀಹಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹಾಳೆಯ ಮೇಲೆ ಇಲ್ಲದ್ದಕ್ಕೆ ಮಾರ್ಕ್ಸ್ ಕೊಡಲು ಬರುವುದಿಲ್ಲ, ಹನ್ನೊಂದು ಹೋದ ಹಾಗೇ, ಸುಳ್ಳು ತಪ್ಪುಗಳನ್ನು ಹೊಸದಾಗಿ ಬರೆಸುವುದೂ ಇಲ್ಲ ಎಂದು ಮೆಲ್ಲಗೆ ಹೇಳಿದಳು. ಇನ್ನು ಉಳಿದಿರುವುದು ಕೊನೆಯ ಪುಟವೊಂದೇ. ಯೂಸರ್ ಅಭಿಪ್ರಾಯ. ಅದೂ ಖಾಲಿ ಹೋದರೆ ಇಡೀ ಪ್ರಾಜೆಕ್ಟ್ ನಿಲ್ಲುವುದಿಲ್ಲ.

ಬರೆಯುತ್ತೇನೆ, ಆದರೆ ನನಗೆ ಅಂಥ ತೊಂದರೆ ಏನೂ ಇಲ್ಲ ಎಂದು ಶುರುಮಾಡಿದೆ.

“ಮನೀಗೆ ಕೀಲಿ ಹಾಕ್ಕೊಂಡು ಬಂದೀರಲ್ರೀ ಅಮ್ಮ,” ಅಂದಳು. “ಹೆಂಗ ಹಾಕಿದ್ರಿ?”

ನನ್ನ ಪರ್ಸಿನಲ್ಲಿದ್ದ ಮರದ ಹಿಡಿಯನ್ನು ಇನ್ನಷ್ಟು ಒಳಗೆ ತಳ್ಳಿದೆ.

“ಅದನ್ನ ಬರೀರಿ ಸಾಕು.”

ಎಷ್ಟು ಚೆನ್ನಾಗಿ ಕಲಿಸುತ್ತಾಳೆ ನೋಡಿ. ಅದೂ ಸಹಿಸಲಾಗಲಿಲ್ಲ ನನಗೆ.

ಭಾನುವಾರ ಬೆಳಿಗ್ಗೆ ಪೆನ್ನಿನಲ್ಲೇ ಬರೆದೆ. ಎರಡು ವರ್ಷದಿಂದ ಈ ಕೀ ತಿರುಗಿಸಲು ನನಗೆ ಆಗುತ್ತಿರಲಿಲ್ಲ. ಬೀಗ ಕೆಟ್ಟಿದೆ ಎಂದು ಎಲ್ಲರಿಗೂ ಸುಳ್ಳು ಹೇಳಿದೆ. ಶುಕ್ರವಾರ ಮೊದಲ ಸಲ ಒಬ್ಬಳೇ ಬೀಗ ಹಾಕಿ ಹೊರಗೆ ಹೋದೆ, ಒಬ್ಬಳೇ ಬೀಗ ತೆಗೆದು ಒಳಗೆ ಬಂದೆ. ಖಾಲಿ ಇರುವ ಪುಟಗಳನ್ನು ಅಳಿಸಿದವಳು ನಾನು, ಆರನೆಯದನ್ನು ನಾಚಿಕೆಯಿಂದ. ನಡುವೆ ಒಂದು ಸಾಲು ಕೆಟ್ಟಿತು. ಅಡ್ಡ ಗೀಟು ಎಳೆದು ಮುಂದುವರಿದೆ.

ಚೈತ್ರ ನಿಂತುಕೊಂಡೇ ಓದಿದಳು. ಎರಡು ಸಲ ಓದಿದಳು. ನನ್ನ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಅಮ್ಮನ ಮೊಬೈಲ್ ಎತ್ತಿಕೊಂಡು, ಅಷ್ಟನ್ನೂ ಯಾರಿಗೋ ಓದಿ ಹೇಳಲು ಬಾಲ್ಕನಿಗೆ ಓಡಿದಳು.

ಯಾರಿಗೆ ಅಂತ ನೀವೂ ಕೇಳಬೇಕೇ?