ಕಡುಬಿನ ನೀರಿಗೆ ಉಪ್ಪು

ನಮ್ಮ ಒಂದು ಎಕರೆ ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತಿತ್ತು. ಉಳಿದಂತೆ ಮನೆ ನಡೆದದ್ದು ಬಾಳ್ಳುಪೇಟೆಯ ಹೋಟೆಲಿಗೆ ನಾವು ಮಾಡಿಕೊಡುತ್ತಿದ್ದ ಕಡುಬಿನಿಂದ. ಅಕ್ಕಿತರಿ ಬೇಯುವ ನೀರಿಗೆ ಉಪ್ಪು ಹಾಕುವುದು ನನ್ನ ಗಂಡನ ಕೆಲಸ, ಉಂಡೆ ಕಟ್ಟಿ ಹಬೆಯಲ್ಲಿಡುವುದು ನನ್ನದು. ಅವರು ತೀರಿಕೊಂಡು ತಿಥಿ ಮುಗಿದ ಮಾರನೆಯ ದಿನ ಪಾತ್ರೆ ಹೊತ್ತು ನಾನೇ ಹೋದೆ.

ಹೋಟೆಲಿನವರು ಒಂದು ಚೂರು ಬಾಯಿಗೆ ಹಾಕಿಕೊಂಡರು. “ಅಕ್ಕ, ಉಪ್ಪೇ ಇಲ್ವಲ್ಲ! ಲಾರಿಯವ್ರು ನನ್ನೇ ಬೇಯಿಸ್ಬುಡ್ತಾರೆ ಕಣಕ್ಕ. ಆಗ್ದಿದ್ರೆ ಹೇಳಿ, ಬೇರೆಯವ್ರನ್ನ ನೋಡ್ಕತೀನಿ.”

“ಉಪ್ಪು ಅವ್ರು ಹಾಕ್ತಿದ್ರು. ನಾಳೆಯಿಂದ ನಾನು ಹಾಕ್ತೀನಿ,” ಎಂದೆ.

ಮರುದಿನ ನೀರು ಕುದಿಯುವಾಗ ಅವರು ನಿಲ್ಲುತ್ತಿದ್ದ ಕಡೆಯೇ ನಿಂತು ಉಪ್ಪು ಹಾಕಿ, ಸೌಟಿನಲ್ಲಿ ತೆಗೆದು ರುಚಿ ನೋಡಿದೆ. ಹೋಟೆಲಿನವರು ಅಂದು ಇಡೀ ಕಡುಬು ತಿಂದರು. ಖಾಲಿ ಪಾತ್ರೆ ಕೈಗೆ ಕೊಟ್ಟು, “ನಾಳೆ ಮೊದ್ಲ ಬಸ್ಸಿಗೇ ಬಂದ್ಬುಡಿ,” ಎಂದರು.