ಅತ್ತೆಯ ಮಾತ್ರೆ, ಮಾವನ ಪೂಜೆ

ನಮ್ಮ ಮಾವನಿಗೆ ಯಾವ ಕೆಲಸವನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು ಗೊತ್ತಿರಲಿಲ್ಲ. ಮಾಡುವುದು ಬೇರೆಯವರೇ, ಯಜಮಾನಿಕೆ ಮಾತ್ರ ಅವರದ್ದು. ಹಾಗಾಗಿ ಅತ್ತೆಗೆ ಸಕ್ಕರೆ ಕಾಯಿಲೆ ಉಂಟೆಂದು ಗೊತ್ತಾದಾಗ ಆ ಕಾಯಿಲೆಯ ಯಜಮಾನಿಕೆಯೂ ಅವರ ಪಾಲಿಗೇ ಹೋಯಿತು.

ಗೊತ್ತಾದದ್ದು ಕಾಲಿನ ಹೆಬ್ಬೆರಳಿನಿಂದ. ಅರವತ್ತರ ದಶಕದ ಸುರು ಅದು. ನಾನು ಮದುವೆಯಾಗಿ ಪುತ್ತೂರು ಪೇಟೆಯಿಂದ ಆಲಂಕಾರಿಗೆ ಬಂದು ಹೆಚ್ಚು ಸಮಯ ಆಗಿರಲಿಲ್ಲ. ಕತ್ತಿ ತಾಗಿ ಆದ ಸಣ್ಣ ಗಾಯ, ಅರಸಿನಕ್ಕೂ ಬಗ್ಗಲಿಲ್ಲ, ತೆಂಗಿನೆಣ್ಣೆಗೂ ಬಗ್ಗಲಿಲ್ಲ, ಕೀವು ಕಟ್ಟಿತು. ಪುತ್ತೂರಿನ ಡಾಕ್ಟ್ರು ಮೂತ್ರಕ್ಕೆ ನೀಲಿ ನೀರು ಬೆರೆಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಮಾಡಿನ ಹಂಚಿನ ಬಣ್ಣ ಬಂತು. "ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಅಮ್ಮ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಉದ್ದಕ್ಕೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡೇ ಕೂತಿದ್ದರು.

ಬೆಲ್ಲ, ಸಕ್ಕರೆ ಎರಡೂ ಬಂದ್. ರಕ್ತದೊತ್ತಡವೂ ಉಂಟಂತೆ, ಅದಕ್ಕೆ ಕೆಂಪು ಮಾತ್ರೆ ರಾತ್ರಿ ಮಲಗುವಾಗ. ಸಕ್ಕರೆಗೆ ಬಿಳಿ ಮಾತ್ರೆ ಮಧ್ಯಾಹ್ನ, ಊಟಕ್ಕೆ ಅರ್ಧ ಗಂಟೆ ಮುಂಚೆ. ಮಾವ ಲೆಕ್ಕ ಹಾಕಿದರು. ಪೂಜೆ ಮುಗಿದು, ತೀರ್ಥ ಕೊಟ್ಟು, ಎಲೆ ಹಾಕಿ ಕೂರುವಾಗ ಸರಿಯಾಗಿ ಅರ್ಧ ಗಂಟೆ. ಅಂದರೆ ಮಂಗಳಾರತಿಯ ಹೊತ್ತೇ ಮಾತ್ರೆಯ ಹೊತ್ತು! ಮರುದಿನದಿಂದ ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ, ಬಾಯಲ್ಲಿ ಮಂತ್ರ, ಮಂತ್ರದ ನಡುವೆ ಅಡುಗೆಮನೆಗೆ ಕೇಳುವ ಹಾಗೆ ಒಂದು ಬೊಬ್ಬೆ: "ಮಾತ್ರೆ!" ದೇವರು ಬೆಚ್ಚಿಬಿದ್ದಿರಬೇಕು. ಅತ್ತೆಯಂತೂ ಕೈಯಲ್ಲಿದ್ದ ಸೌಟು ಬಿಟ್ಟು ಮಾತ್ರೆ ನುಂಗುತ್ತಿದ್ದರು.

ನಾಲ್ಕು ದಿನ ಕಳೆದಿರಬಹುದು, ಮಧ್ಯಾಹ್ನ ಗಂಡಸರ ಎಲೆ ತೆಗೆಯುತ್ತಿದ್ದ ಅತ್ತೆ ಹಾಗೆಯೇ ಗೋಡೆಗೆ ಒರಗಿ ಕುಸಿದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಕರೆದರೆ ಮಾತಿಲ್ಲ. ಮಾವ ಓಡಿ ಬಂದು, "ಇಂಗ್ಲಿಷ್ ಮದ್ದಿನ ಉಷ್ಣ! ತಂಪಿಗೆ ಬೆಲ್ಲದ ಪಾನಕ ತಾ!" ಅಂದರು. ಡಾಕ್ಟ್ರು ಬೆಲ್ಲ ಬೇಡ ಅಂದಿದ್ದಾರಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪಾನಕ ಅತ್ತೆಯ ಗಂಟಲಿಗೆ ಇಳಿದಾಗಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, "ಕೆಲಸದವರಿಗೆ ಬಡಿಸಿ ಆಯಿತಾ?" ಎಂದು ಕೇಳಿದರು.

ಎರಡು ದಿನ ಬಿಟ್ಟು ಪುನಃ ಅದೇ ಕತೆ. ಬಿದ್ದರು, ಪಾನಕ ಕುಡಿದರು, ಎದ್ದರು. ಮಾವನಿಗೆ ಹಿಗ್ಗೋ ಹಿಗ್ಗು.

"ಮಾತ್ರೆ ತಿಂದರೆ ಬೀಳುದು, ಬೆಲ್ಲ ತಿಂದರೆ ಏಳುದು. ಮದ್ದು ಯಾವುದು, ವಿಷ ಯಾವುದು, ನೀನೇ ಹೇಳು ಮಗಳೇ. ನಾಳೆಯಿಂದ ಮಾತ್ರೆ ಇಲ್ಲ!"

ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಉದ್ದ. "ಬೆರಳು ಹೋದರೆ ನಿಮ್ಮದು ಕೊಡ್ತೀರಾ ಮಾವ?" ಅಂದೆ. ನನ್ನ ಗಂಡ ಮೆಲ್ಲ ಎದ್ದು ಹಟ್ಟಿಯ ಕಡೆ ಹೋದರು. ದನಗಳಿಗೆ ಆಗಲೇ ಹುಲ್ಲು ಹಾಕಿ ಆಗಿತ್ತು. ಮಾವನ ಮುಖ ಕೆಂಪಾಯಿತು. "ಆಗಲಿ, ಡಾಕ್ಟ್ರ ಹತ್ತಿರವೇ ಕೇಳುವ" ಅಂದರು. ನಾವು ಮೂವರು ಹೊರಡುವಾಗ ಸಾಕ್ಷಿಗೆಂದು ಮಾವ ಒಂದು ಅಚ್ಚು ಬೆಲ್ಲವನ್ನು ಹೆಗಲ ಬೈರಾಸಿನ ತುದಿಗೆ ಕಟ್ಟಿಕೊಂಡರು.

ಡಾಕ್ಟ್ರ ಮೇಜಿನ ಮೇಲೆ ಆ ಬೆಲ್ಲವನ್ನು ಇಟ್ಟು, "ಇದಕ್ಕೆ ಎಂತ ಹೇಳ್ತೀರಿ ಮಾರಾಯ್ರೆ?" ಎಂದು ಸುರು ಮಾಡಿದರು. ಡಾಕ್ಟ್ರು ಪೂರ್ತಿ ಕೇಳಿ, ಬೆಲ್ಲವನ್ನು ಬದಿಗೆ ಸರಿಸಿ ಅತ್ತೆಯ ಕಡೆ ತಿರುಗಿದರು.

"ಮಾತ್ರೆ ಯಾವಾಗ ತೆಗೆದುಕೊಳ್ಳುದು ಅಮ್ಮ?"

"ಊಟಕ್ಕೆ ಅರ್ಧ ಗಂಟೆ ಮುಂಚೆ. ಒಂದು ದಿನವೂ ತಪ್ಪಿಲ್ಲ."

"ಮತ್ತೆ ಸರಿಯಾಗಿ ಊಟ ಮಾಡ್ತೀರಲ್ಲ?"

ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

"ಯಾರು, ನಾನಾ? ಊಟಕ್ಕೆ ಮುಂಚೆ ಅಂದರೆ ಇವರ ಊಟಕ್ಕೆ ಅಲ್ವಾ?"

ಡಾಕ್ಟ್ರು ಪೆನ್ನು ಕೆಳಗಿಟ್ಟರು. ಕೇಳುತ್ತಾ ಹೋದ ಹಾಗೆ ಒಂದೊಂದೇ ಹೊರಗೆ ಬಂತು. ಗಂಡಸರದ್ದು, ಬಂದ ನೆಂಟರದ್ದು ಮೊದಲ ಪಂಕ್ತಿ. ಅವರು ಉಂಡು, ಹರಟಿ, ಎದ್ದ ಮೇಲೆ ಎಲೆ ತೆಗೆದು, ನೆಲ ಸಾರಿಸಿ, ತೋಟದ ಕೆಲಸದವರಿಗೆ ಬಡಿಸಿ, ಕೊನೆಗೆ ನಾವು ಹೆಂಗಸರು. ನೆಂಟರು ಹೆಚ್ಚಿದ್ದರೆ ಮೂರು ಗಂಟೆಯೂ ಆಗುತ್ತಿತ್ತು. ಮಾತ್ರೆ ಮಾತ್ರ ಹನ್ನೆರಡೂವರೆಗೆ!

"ಹೊಟ್ಟೆಗೆ ಇಲ್ಲದೆ ಸಕ್ಕರೆ ಪೂರ್ತಿ ಇಳಿದು ಬೀಳುದು ಇವರು. ಬಿದ್ದಾಗ ಬೆಲ್ಲ ಕೊಟ್ಟದ್ದು ಸರಿಯೇ, ಅದರಿಂದಲೇ ಜೀವ ಉಳಿದದ್ದು" ಅಂದರು ಡಾಕ್ಟ್ರು. ಮಾವ ನನ್ನ ಕಡೆ ನೋಡಿ ಎದೆ ಉಬ್ಬಿಸಿದರು. "ಆದರೆ ಬೀಳಿಸಿದ್ದು ಮಾತ್ರೆ ಅಲ್ಲ ಮಾರಾಯ್ರೆ, ನಿಮ್ಮ ಪಂಕ್ತಿ. ಇನ್ನು ಇವರು ನಿಮ್ಮ ಜೊತೆಗೇ ಉಣ್ಣಬೇಕು." ಉಬ್ಬಿದ ಎದೆ ಅಲ್ಲಿಯೇ ಇಳಿಯಿತು. ಬೆಲ್ಲವನ್ನು ಮರಳಿ ಕಟ್ಟಿಕೊಳ್ಳುವುದಕ್ಕೂ ಮರೆತರು.

ಬೆರಳು ಉಳಿಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ನನಗೆ ಮರೆಯದೆ ಇರುವುದು ಮರುದಿನದ ಮಧ್ಯಾಹ್ನ.

ಗಂಡಸರೊಟ್ಟಿಗೆ ಕೂರುವುದಿಲ್ಲವೆಂದು ಅತ್ತೆ ಹಟ ಹಿಡಿದರು. ಹಾಗಾಗಿ ಅವರ ಎಲೆ ಅಡುಗೆಮನೆಯಲ್ಲಿ, ಬಾಗಿಲ ಮರೆಗೆ. ಗಂಡಸರು ಉಣ್ಣುತ್ತಿದ್ದ ಚಾವಡಿಯಿಂದ "ಉಪ್ಪಿನಕಾಯಿ!" ಎಂದು ಕೇಳಿದ್ದೇ ತಡ, ಅತ್ತೆ ಅರ್ಧ ಎದ್ದಾಯಿತು. "ಕೂತುಕೊಳ್ಳಿ ಅತ್ತೆ!" ಎಂದು ಗದರಿಸಿದೆ. ಮತ್ತೆ ಆ ಕಡೆಯಿಂದ ಯಾರೂ ಎಂತದ್ದೂ ಕೇಳಲಿಲ್ಲ.

ಅತ್ತೆಯ ಅನ್ನಕ್ಕೆ ಸೌತೆಕಾಯಿ ಹುಳಿ ಬಡಿಸಿದೆ. ಹೊಗೆ ಏಳುತ್ತಿತ್ತು. ಅವರು ಕೈಹಾಕಿ, ಬಿಸಿ ತಾಗಿ, ಬೆರಳನ್ನು ಊದಿಕೊಂಡರು. ಆಮೇಲೆ ಎಲೆಯನ್ನೇ ನೋಡುತ್ತಾ ಕೂತರು.

"ಹುಳಿಗೆ ಇಷ್ಟೊಂದು ಹೋಳು ಹಾಕಿದ್ದು ಯಾರು ಮಾರಾಯ್ತಿ?"

"ನೀವೇ ಅತ್ತೆ. ದಿನಾ ನೀವು ಹಾಕುದು ಇಷ್ಟೇ."

ನಮ್ಮ ಪಾಲಿಗೆ ಬರುವಾಗ ಪಾತ್ರೆಯಲ್ಲಿ ಇರುತ್ತಿದ್ದದ್ದು ಬರೇ ತಿಳಿ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅತ್ತೆ ಒಂದು ಹೋಳು ಬಾಯಿಗಿಟ್ಟು ನಿಧಾನ ಅಗಿದರು.

"ಒಳ್ಳೆದುಂಟು" ಅಂದರು, ಬೇರೆ ಯಾರದೋ ಮನೆಗೆ ಊಟಕ್ಕೆ ಹೋದವರ ಹಾಗೆ.